ಪರದೆಯ ಈಚೆ ಹದಿನೈದು ನಿಮಿಷ

ಸ್ಪಿರಿಟ್ಟಿನ ತಂಪು ಆರುತ್ತಿದೆ, ಫ್ಯಾನು ತಿರುಗಿದ ಹಾಗೆ ಹಸಿರು ಪರದೆ ಉಬ್ಬುತ್ತದೆ, ಮತ್ತೆ ಕಂಬಿಗೆ ಅಂಟಿಕೊಳ್ಳುತ್ತದೆ, ಅದರ ಈಚೆ ನಾನು, ಕೇಸ್ ಪೇಪರಿನಲ್ಲಿ ಬರೆದುಕೊಂಡಿರುವಂತೆ ನಂಜುಂಡ, ನಲವತ್ತಾರು, ಡಯಾಬಿಟಿಸ್ ಏಳು ವರ್ಷ, ಸೊಂಟದಿಂದ ಕೆಳಗೆ ಬರೀ ಒಂದು ಚಾದರ, ಕಿಟಕಿಯಾಚೆ ಹಾರ್ಬರ್ ಲೈನಿನ ಗಾಡಿ ಹೋದಾಗ ಟ್ರೇಯಲ್ಲಿರುವ ಸೂಜಿಗಳು ಕಿಣಿಕಿಣಿ ಅನ್ನುತ್ತವೆ. ಹೆದರ್ಲಿಕ್ಕೆ ಎಂತದೂ ಇಲ್ಲ ಮಾರಾಯ್ರೆ, ಅಂದರು ಡಾಕ್ಟರ್ ಪೈ, ಸಕ್ಕರೆ ಕಾಯಿಲೆಯವರಿಗೆ ಇದು ಆಗ್ತದೆ, ಸೋತಿರುವುದು ನರ, ನೀವಲ್ಲ, ಫಾರಿನ್‌ನಲ್ಲಿ ಈ ಇಂಜೆಕ್ಷನ್ ಶುರುವಾಗಿ ನಾಲ್ಕೈದು ವರ್ಷ ಆಯ್ತು, ಅಲ್ಲಿಗೇ ಚುಚ್ಚುವುದು, ಆಮೇಲೆ ಹದಿನೈದು ನಿಮಿಷ ಸುಮ್ಮನೆ ಮಲಗಿ — ಅಲ್ಲಿಗೇ ಅಂದರೆ ಅಲ್ಲಿಗೇ, ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡೆ, ನೋವೇನೂ ಆಗಲಿಲ್ಲ, ಇರುವೆ ಕಚ್ಚಿದ ಹಾಗೆ, ಅವನು ಹೇಳಿದ್ದೂ ಇದನ್ನೇ, ಇರುವೆ ಕಚ್ಚಿದಂಗೆ ಅಷ್ಟೇ ನಂಜುಂಡಪ್ಪನೋರೆ, ಅವನು, ಹಿರಿಯಣ್ಣ, ನನ್ನ ಹೆಂಡತಿಯ ಟೆಲಿಫೋನ್ ಎಕ್ಸ್‌ಚೇಂಜಿನ ಸೂಪರ್‌ವೈಸರ್ ಹಿರಿಯಣ್ಣ, ಅರ್ಧ ಗಂಟೆಯ ಹಿಂದೆ ಇದೇ ಕೋಣೆಯಿಂದ ಬೆಲ್ಟು ಬಿಗಿದುಕೊಳ್ಳುತ್ತ ಹೊರಗೆ ಬಂದ, ನಾನು ಬೆಂಚಿನ ಮೇಲೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದಿದ್ದೆ, ಆದರೂ ಗುರುತು ಹಿಡಿದುಬಿಟ್ಟ.

ಮೊದಲು ಬಂದದ್ದು ನಗು, ಸುಳ್ಳು ಯಾಕೆ, ಎದೆಯ ಮೇಲಿನ ಕಲ್ಲು ಇಳಿದ ಹಾಗೆ ನಗು, ಎರಡು ವರ್ಷ ಈ ಮನುಷ್ಯನ ಹೆಸರಿಗೆ ಹೊಟ್ಟೆಯುರಿಸಿಕೊಂಡೆನಲ್ಲ — ಮುಲುಂಡಿನಿಂದ ಸುಮಿತ್ರಾ ಹತ್ತುವ ಎಂಟೂ ಹನ್ನೆರಡರ ಲೋಕಲ್, ಲೇಡೀಸ್ ಡಬ್ಬದಲ್ಲಿ ಯಾಕೆ ಹೋಗಲ್ಲ ನೀನು, ಅಲ್ಲಿ ಉಸಿರಾಡಕ್ಕಾಗಲ್ಲ ರೀ, ಹಿರಿಯಣ್ಣನೋರು ಥಾಣೆಯಿಂದಲೇ ಸೀಟು ಹಿಡ್ಕೊಂಡು ಬರ್ತಾರೆ, ಹೀಗೆ ಹೇಳಿ ಕನ್ನಡಿಯ ಮುಂದೆ ನಿಂತು ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತಿದ್ದಳು, ಆ ಪಿನ್ನು ಯಾರಿಗಾಗಿ ಎಂದು ನಾನು ಭಾಂಡುಪಿನ ಆಫೀಸಿನಲ್ಲಿ ಕೂತು ಇಡೀ ದಿನ ಯೋಚಿಸುತ್ತಿದ್ದೆ, ಹಿರಿಯಣ್ಣನೋರು ಹೀಗಂದ್ರು, ಹಿರಿಯಣ್ಣನೋರ ಮನೆಯಲ್ಲಿ ಬಿಸಿಬೇಳೆ ಬಾತಿಗೆ ಚಕ್ಕೆ ಹಾಕಲ್ಲವಂತೆ, ಊಟದ ತಟ್ಟೆಯ ಎದುರೂ ಅವನೇ, ಆರಡಿ ಎತ್ತರ, ತುಂಬು ಕೂದಲು, ನಾನು ಕೈಲಾಗದವನಾದ ಮೇಲೆ ಕೈಲಾಗುವವನೊಬ್ಬ ಅವಳಿಗೆ ಸಿಕ್ಕಿದ್ದಾನೆ ಎಂದೇ ಲೆಕ್ಕ ಹಾಕಿದ್ದೆ. ಈಗ ನೋಡಿದರೆ ಆ ಆರಡಿಯೂ ಇದೇ ಚಾದರದ ಕೆಳಗೆ ಮಲಗಿ ಎದ್ದು ಹೋಗಿದೆ, ಅಯ್ಯೋ ಪಾಪ ಎನ್ನಬೇಕೆನಿಸಿತು, ಬೆಂಚಿನಿಂದ ಎದ್ದು ಅವನ ಕೈಯನ್ನೂ ಕುಲುಕಿದೆ, ಆಗ ಅವನು ಹೆಗಲ ಮೇಲೆ ಕೈ ಹಾಕಿ, ಒಳ್ಳೇದಾಯ್ತು ಬಂದಿದ್ದು, ನೀವು ಒಪ್ಪೋದೇ ಇಲ್ಲ ಅಂತಿದ್ರು ಸುಮಿತ್ರಾ ಅವ್ರು, ಎಂದುಬಿಟ್ಟ.

ಅಂತಿದ್ರು. ಒಂದು ಸಲ ಅಂದದ್ದಲ್ಲ, ಅಂತಿದ್ರು. ಈ ಡಾಕ್ಟರರ ವಿಳಾಸ ಅವಳ ದುಂಡು ಅಕ್ಷರದಲ್ಲೇ ನನ್ನ ಶರ್ಟಿನ ಜೇಬಿಗೆ ಬಂತು, ಶುಗರ್ ಇರೋರಿಗೆ ಒಳ್ಳೇ ಡಾಕ್ಟರಂತೆ ವಡಾಲದಲ್ಲಿ, ಎಂದಷ್ಟೇ ಹೇಳಿ ಅಡುಗೆಮನೆಗೆ ಹೋಗಿಬಿಟ್ಟಿದ್ದಳು, ಯಾರು ಹೇಳಿದರು ಎಂದು ನಾನೂ ಕೇಳಲಿಲ್ಲ, ಈಗ ಗೊತ್ತಾಯಿತು, ಹೇಳಿದವನು ಅವನು, ಒಬ್ಬ ಗಂಡಸು ತನ್ನದನ್ನು ಬೇರೆಯವರ ಹೆಂಡತಿಗೆ ಹೇಳಿಕೊಳ್ಳುತ್ತಾನೆಂದರೆ, ಅದಕ್ಕೆ ಮೊದಲು ಅವಳು ತನ್ನ ಮನೆಯದನ್ನು ಅವನಿಗೆ ಹೇಳಿರಬೇಕು — ಇಬ್ಬರೂ ಜೊತೆಯಲ್ಲಿ ಮಲಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ, ಛೇ, ಏನು ಯೋಚಿಸುತ್ತಿದ್ದೇನೆ, ಆದರೆ ನಿಜ, ಉರಿಯುತ್ತಿರಲಿಲ್ಲ, ಅದಾಗಿದ್ದರೆ ಕೋಪ ಮಾಡಬಹುದಿತ್ತು, ಇದಕ್ಕೆ ಏನು ಮಾಡಲಿ, ಮೂರು ವರ್ಷ ಗೋಡೆಯ ಕಡೆ ತಿರುಗಿ ಮಲಗಿದವನು ನಾನು, ತಲೆನೋವು, ಓವರ್‌ಟೈಮು, ನಾಳೆ ಬೇಗ ಏಳಬೇಕು, ಒಂದು ಸಲ ಬೆನ್ನ ಹಿಂದಿನಿಂದ ಕೇಳಿದಳು, ನನ್ನಲ್ಲೇನಾದ್ರೂ ತಪ್ಪಿದೆಯೇನ್ರೀ, ನಾನು ನಿದ್ದೆ ಬಂದವನ ಹಾಗೆ ಉಸಿರಾಡಿದೆ, ಅವಳು ಎಷ್ಟೋ ಹೊತ್ತು ಕಾದಳು, ನನ್ನ ಬೆನ್ನಿಗೆ ತಿಳಿಯುತ್ತಿತ್ತು ಅವಳು ಕಾಯುತ್ತಿರುವುದು. ಆ ಪ್ರಶ್ನೆಯನ್ನೇ ಅವನಲ್ಲಿ ಕೇಳಿದಳೇ? ತಪ್ಪು ನಿಮ್ದಲ್ಲ ಸುಮಿತ್ರಾ ಅವ್ರೆ, ಎಂದು ನಾನು ಹೇಳಬೇಕಾಗಿದ್ದ ಮಾತನ್ನು ಅವನು ಹೇಳಿದನೇ?

ಬೆಚ್ಚಗಾಗುತ್ತಿದೆ, ಚಾದರದ ಕೆಳಗೆ ಏನೋ ಮೆಲ್ಲಗೆ ತುಂಬಿಕೊಳ್ಳುತ್ತಿದೆ, ಅಯ್ಯೋ ದೇವರೇ, ಮೂರು ವರ್ಷದ ಮೇಲೆ, ನನ್ನದೇ, ಕಣ್ಣಲ್ಲಿ ನೀರು ಬರಬೇಕು, ಬರುತ್ತಿದೆ ಕೂಡ, ಮನಸ್ಸಿನಲ್ಲಿರುವುದು ಮಾತ್ರ ಹಿರಿಯಣ್ಣ, ಔಷಧಿಗೆ ಆಸೆಗೀಸೆ ಒಂದೂ ಬೇಕಾಗಿಲ್ಲ, ಹೊಟ್ಟೆಯುರಿಯಲ್ಲಿ ಬೇಯುವವನಿಗೂ ಕೆಲಸ ಮಾಡುತ್ತದೆ. ಪರದೆ ಸರಿಯಿತು, ಬಂತಲ್ಲ ಮಾರಾಯ್ರೆ, ಡಾಕ್ಟರ್ ಪೈ ತಾವೇ ಗೆದ್ದವರ ಹಾಗೆ ನಕ್ಕರು, ಒಂದು ಗಂಟೆಯಲ್ಲಿ ಇಳೀತದೆ, ನಾಲ್ಕು ಗಂಟೆ ಆದ್ರೂ ಇಳೀದಿದ್ರೆ ಓಡಿ ಬನ್ನಿ, ಮುಂದಿನ ಸಲ ಮಿಸೆಸ್‌ನ ಕರ್ಕೊಂಡು ಬನ್ನಿ, ಚುಚ್ಚುವುದನ್ನು ಅವರಿಗೇ ಕಲಿಸ್ತೇನೆ, ಮನೆಯಲ್ಲಿ ವಿಷಯ ಹೇಳಿದ್ದೀರಲ್ಲ? ಅವಳಿಗೆ ಗೊತ್ತು, ಎಂದೆ. ಹಾಗಾದ್ರೆ ಅರ್ಧ ಗುಣ ಆದ ಹಾಗೇ, ಅದೃಷ್ಟವಂತರು ನೀವು, ಎಂದು ಪರದೆ ಎಳೆದು ಹೋದರು.

ಕರೆದುಕೊಂಡು ಬರುತ್ತೇನೆ, ಇವತ್ತೇ ಹೇಳುತ್ತೇನೆ, ಗೋಡೆಯ ಕಡೆ ತಿರುಗದೆ ಅವಳ ಮುಖ ನೋಡಿ ಹೇಳುತ್ತೇನೆ, ಆದರೆ ಮೊದಲು ಒಂದನ್ನು ಕೇಳಬೇಕು, ಕೇಳಲಾರೆ, ಹೋದ ನವೆಂಬರಿನಲ್ಲಿ, ಆಫೀಸು ಬಿಟ್ಟು ನಾನು ಭಾಂಡುಪ್ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಅವರ ಗಾಡಿ ಬಂದು ನಿಂತಿತು, ಜನ ಬಾಗಿಲಿನವರೆಗೂ ಒತ್ತಿಕೊಂಡಿದ್ದರು, ಬಾಗಿಲ ನಡುವಿನ ಕಂಬಿಯ ಪಕ್ಕದಲ್ಲೇ ಸುಮಿತ್ರಾ, ಮೇಲಿನ ಹಿಡಿಕೆಯನ್ನು ಹಿಡಿದು, ಚಪ್ಪಲಿಯಿಂದ ಹಿಮ್ಮಡಿ ಎತ್ತಿ, ಅವನ ಕಿವಿಯವರೆಗೆ ಬೆಳೆದು ಏನೋ ಹೇಳುತ್ತಿದ್ದಳು, ಅವನು ನಗುತ್ತಿರಲಿಲ್ಲ, ತಲೆ ತಗ್ಗಿಸಿ ಕೇಳುತ್ತಿದ್ದ, ನಾನು ಹತ್ತಲಿಲ್ಲ, ಗಾಡಿ ಬಿಟ್ಟಿತು — ಅವತ್ತೇ ಇರಬೇಕು, ಅದನ್ನೇ ಹೇಳುತ್ತಿದ್ದಿರಬೇಕು, ನಮ್ಮನೆಯವರಿಗೆ ಎಂದು ಶುರು ಮಾಡಿದಳೇ, ಆಮೇಲೆ ಯಾವ ಮಾತು ಬಳಸಿದಳು, ಅದಕ್ಕೆ ನಮ್ಮ ಮನೆಯಲ್ಲಿ ಮಾತೇ ಇರಲಿಲ್ಲವಲ್ಲ, ಎಲ್ಲಿಂದ ತಂದಳು, ಅಷ್ಟು ಜನರ ಮಧ್ಯೆ, ಅಷ್ಟು ಸದ್ದಿನಲ್ಲಿ, ಕೆಂಪು ಅಂಚಿನ ಸೀರೆಯ ಕೆಳಗೆ ಆ ಎರಡು ಹಿಮ್ಮಡಿ, ಚಪ್ಪಲಿ ಬಿಟ್ಟು ಮೇಲೆದ್ದ ಹಿಮ್ಮಡಿ, ನನ್ನ ಎತ್ತರಕ್ಕೆ ಅವಳು ಎಂದೂ ಎತ್ತಬೇಕಾಗಿ ಬರದ ಹಿಮ್ಮಡಿ, ಬಿರುಕಿನಲ್ಲಿ ಅರಿಶಿನ, ಎತ್ತಿದ ಹಿಮ್ಮಡಿ,