ಖಾಲಿ ಅಕ್ಕನ ಡಿಕ್ಕಿ

ಜನರ ಮನೆಗೆ ಹೋಗಿ, ಬೇಡದ ಸಾಮಾನನ್ನು ಹೊರಗೆ ಸಾಗಿಸಿ, ಉಳಿದದ್ದನ್ನು ಒಪ್ಪವಾಗಿ ಜೋಡಿಸಿ ಕೊಡುವುದು ಅವಳ ಕಸುಬು. ಹಾಗಾಗಿ ಖಾಲಿ ಅಕ್ಕ ಎಂಬ ಹೆಸರು ಬಿದ್ದಿತ್ತು. ಇಟ್ಟವರು ಯಾರೋ ತುಂಟ ಮಕ್ಕಳು, ಒಪ್ಪಿಕೊಂಡವಳು ಅವಳೇ. ಅದಕ್ಕೂ ಮೊದಲು ಹದಿನೈದು ವರ್ಷ ಆಸ್ಪತ್ರೆಯೊಂದರ ಸ್ಟೋರ್ ರೂಮು ನೋಡಿಕೊಂಡಿದ್ದಳು. ಕರೆಂಟು ಹೋದಾಗಲೂ ಸಿರಿಂಜು, ಹತ್ತಿ, ಪಟ್ಟಿ ಕೈಗೆ ಸಿಗುವಂತೆ ಇಟ್ಟವಳಿಗೆ ಸಂಸಾರಸ್ಥರ ಬೀರು ಯಾವ ಮಹಾ ಲೆಕ್ಕ.

ಅವಳ ಸೂತ್ರಗಳು ಸರಳ. ಮೊದಲ ದಿನವೇ ಅಟ್ಟಕ್ಕೆ ಕೈ ಹಾಕಬೇಡಿ, ಒಂದೇ ಒಂದು ಡ್ರಾಯರಿನಿಂದ ಶುರು ಮಾಡಿ. ಫೋಟೊಗಳನ್ನು ಕೊನೆಗಿಟ್ಟುಕೊಳ್ಳಿ, ಇಲ್ಲದಿದ್ದರೆ ಕೂತು ನೋಡುತ್ತಲೇ ಸಂಜೆಯಾಗಿಬಿಡುತ್ತದೆ. ಸಾಮಾನು ಕಡಿಮೆ ಮಾಡುವ ಮೊದಲೇ ಹೊಸ ಡಬ್ಬಿ ಕೊಳ್ಳಬೇಡಿ, ಡಬ್ಬಿ ಬಂದರೆ ಅದನ್ನು ತುಂಬುವ ಸಾಮಾನು ತಾನಾಗಿ ಹುಟ್ಟಿಕೊಳ್ಳುತ್ತದೆ. ದಿನಾ ಬೇಕಾದ್ದು ಎದೆಮಟ್ಟದಲ್ಲಿರಲಿ, ವರ್ಷಕ್ಕೊಮ್ಮೆ ಬೇಕಾದ್ದು ತಲೆಯ ಮೇಲಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಡಬ್ಬಿಯ ಮೇಲೂ ಅದರ ಜಾಗ ಯಾವುದು ಎಂದು ಚೀಟಿ ಅಂಟಿಸಿ.

"ಒಳಗೇನಿದೆ ಅಂತ ಮುಚ್ಚಳ ತೆಗೆದು ನೋಡಬಹುದು," ಎನ್ನುತ್ತಿದ್ದಳು. "ತಾನು ಎಲ್ಲಿರಬೇಕು ಅಂತ ಡಬ್ಬಿ ಬಾಯಿಬಿಟ್ಟು ಹೇಳಲ್ವಲ್ಲ."

ಯಾರ ಮನೆಯಲ್ಲಾದರೂ ಸಾಮಾನನ್ನು ಮೂರು ರಾಶಿ ಮಾಡಿಸುತ್ತಿದ್ದಳು: ಇರಲಿ, ಕೊಡೋಣ, ಎಸೆಯೋಣ. ನಾಲ್ಕನೆಯ ರಾಶಿಯೊಂದಿತ್ತು. ಅದು ಸಾಮಾನು ಕೊಟ್ಟವರಿಗೆ ಗೊತ್ತಿರಲಿಲ್ಲ. ಮನೆಯವರು ಒಂದು ವಸ್ತುವನ್ನು "ಎಸೀರಿ, ಎಸೀರಿ" ಎಂದು ಧಾರಾಳವಾಗಿ ಕೊಟ್ಟು, ಆಮೇಲೆ ಏನೋ ನೆಪ ಮಾಡಿಕೊಂಡು ಇನ್ನೊಮ್ಮೆ ಮುಟ್ಟಿದರೋ, ಆ ವಸ್ತುವನ್ನು ಅವಳು ಎಸೆಯುತ್ತಿರಲಿಲ್ಲ, ಕೊಡುತ್ತಲೂ ಇರಲಿಲ್ಲ. ಮನೆ ನಂಬರು, ತಾರೀಖು, ಎಷ್ಟು ಸಲ ಮುಟ್ಟಿದರು ಎಂದು ಚೀಟಿ ಬರೆದು ತನ್ನ ಕಾರಿನ ಡಿಕ್ಕಿಯ ಐದು ಪೆಟ್ಟಿಗೆಗಳಲ್ಲಿ ಎರಡು ತಿಂಗಳು ಇಟ್ಟುಕೊಳ್ಳುತ್ತಿದ್ದಳು. ಎರಡು ತಿಂಗಳೊಳಗೆ ಫೋನು ಬಂದರೆ, "ಅಯ್ಯೋ, ನಿಮ್ಮ ಅದೃಷ್ಟ, ಇನ್ನೂ ಸಾಗಿಸಿಲ್ಲ ನೋಡಿ" ಎಂದು ಸುಳ್ಳು ಹೇಳಿ ಮರಳಿಸುತ್ತಿದ್ದಳು. ಹೀಗೆ ಊರಿನಲ್ಲಿ ಅದೃಷ್ಟವಂತರ ಸಂಖ್ಯೆ ದಿನೇದಿನೇ ಹೆಚ್ಚುತ್ತಿತ್ತು.

"ನಿನ್ನ ಡಿಕ್ಕಿ ಒಂದಿನ ತೆರ್ಕೊಂಡ್ರೆ ಊರಿನ ಅರ್ಧ ಸಂಸಾರ ರಸ್ತೆಗೆ ಬೀಳತ್ತೆ," ಎನ್ನುತ್ತಿದ್ದ ಗಂಡ. ಅವನು ದರ್ಜಿ. ಯಾರು ಕೊನೆಯಲ್ಲಿ ಮಾತಾಡಿದರೋ ಅವರ ಮಾತು ಕೇಳುವ ಸಾಧು ಸ್ವಭಾವ.

ಮನೆಯಲ್ಲಿ ಅತ್ತೆಯೂ ಇದ್ದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಯಾರು ಯಾರಿಗೆ ಏನು ಹೇಳಿದರೆಂದು ಎಲ್ಲವೂ ಕಿವಿಗೆ ಬಿದ್ದಿದ್ದರೂ ಒಂದನ್ನೂ ನಾಲಿಗೆಗೆ ತಂದವರಲ್ಲ. ಆದರೆ ವಸ್ತುಗಳ ವಿಷಯದಲ್ಲಿ ಅವರ ಕೈ ತಡೆಯುವವರಿರಲಿಲ್ಲ. ಕತ್ತರಿ ಫ್ರಿಜ್ಜಿನ ಮೇಲೆ ಸಿಗುತ್ತಿತ್ತು, ಕನ್ನಡಕ ಸಕ್ಕರೆ ಡಬ್ಬಿಯಲ್ಲಿ.

"ಅತ್ತೆ, ಚೀಟಿ ಓದಿ, ಅಲ್ಲಿ ಬರೆದಿರೋ ಜಾಗಕ್ಕೆ ಇಡಿ. ಅಷ್ಟೇ ನಾನು ಕೇಳೋದು."

"ಊರಿಗೆಲ್ಲ ಲೈನ್ ಕೊಟ್ಟವಳು ನಾನು. ನನಗೆ ಈಗ ಚೀಟಿ ಓದೋ ಪಾಠ."

ಹೋದ ತಿಂಗಳು ಅತ್ತೆಯ ಕೋಣೆಯ ಸರದಿ ಬಂದಿತ್ತು. ಅತ್ತೆ ಎಂದೂ ಇಲ್ಲದ ವಿಧೇಯತೆಯಿಂದ ಎಲ್ಲವನ್ನೂ ಕೊಟ್ಟರು. ಕೆಲಸದ ಕಾಲದ ಹೆಡ್‌ಫೋನನ್ನೂ ಕೊಟ್ಟರು. ಅದರ ವೈರು ತುಂಡಾಗಿತ್ತು, ಕಿವಿಯ ಸ್ಪಂಜು ಉದುರಿಹೋಗಿತ್ತು. "ಇದ್ಯಾಕೆ, ಬಿಸಾಕು," ಎಂದರು. ಆಮೇಲೆ ಅದನ್ನು ನಾಲ್ಕು ಸಲ ಮುಟ್ಟಿದರು. ಖಾಲಿ ಅಕ್ಕ ಏನೂ ಕಾಣದವಳಂತೆ ಚೀಲಕ್ಕೆ ಹಾಕಿಕೊಂಡಳು. ಆ ದಿನದಿಂದ ಹೆಡ್‌ಫೋನೂ ಡಿಕ್ಕಿಯಲ್ಲಿತ್ತು. ಫೋನು ಮಾತ್ರ ಬಂದಿರಲಿಲ್ಲ. ಒಂದೇ ಮನೆಯಲ್ಲಿರುವವರು ಫೋನು ಮಾಡುವುದಾದರೂ ಹೇಗೆ?

ಹೀಗಿರುವಾಗ ಗುರುವಾರ ಬೆಳಗ್ಗೆ ಎಂಬತ್ತು ಮನೆಗಳ ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷೆಯಿಂದ ಕರೆ ಬಂತು. ಆ ಕಟ್ಟಡದ ಏಳೆಂಟು ಮನೆಗಳಲ್ಲಿ ಖಾಲಿ ಅಕ್ಕ ಆಗಲೇ ಕೆಲಸ ಮಾಡಿದ್ದಳು. ಅಧ್ಯಕ್ಷೆಯ ಮನೆಯೂ ಅವುಗಳಲ್ಲಿ ಒಂದು. ಈ ಹೆಂಗಸು ನಕ್ಕದ್ದನ್ನು ಲಿಫ್ಟಿನ ಕನ್ನಡಿಯೂ ನೋಡಿಲ್ಲ ಎಂಬುದು ಅಲ್ಲಿಯವರ ಮಾತು.

"ನೋಡಿಮ್ಮ, ಭಾನುವಾರ ಹನ್ನೊಂದಕ್ಕೆ ನಮ್ಮ ಅಂಗಳದಲ್ಲಿ ನಿಮ್ಮದೊಂದು ಭಾಷಣ. ಮನೆ ಹೇಗೆ ಚೊಕ್ಕ ಇಟ್ಕೋಬೇಕು, ಕಾರು ಹೇಗೆ ಇಟ್ಕೋಬೇಕು ಅಂತ. ಎಲ್ಲರಿಗೂ ಒಪ್ಪಿಗೆಯಾದರೆ ಎಂಬತ್ತೂ ಮನೆ ನಿಮ್ಮ ಕೈಗೆ."

"ಆಗಲಿ ಮೇಡಂ."

"ನಿಮ್ಮ ಕಾರು ತನ್ನಿ. ಮಾದರಿ ತೋರಿಸಬೇಕಲ್ಲ. ಡಿಕ್ಕಿ ಸಮೇತ ತೋರಿಸಬೇಕು. ಜನರ ಯೋಗ್ಯತೆ ಡಿಕ್ಕಿಯಲ್ಲಿ ಗೊತ್ತಾಗತ್ತೆ."

ಫೋನು ಇಟ್ಟ ಖಾಲಿ ಅಕ್ಕ ಹಾಗೇ ಸ್ಟೂಲಿನ ಮೇಲೆ ಕೂತಳು. ಎಂಬತ್ತು ಮನೆ ಸಿಗದಿದ್ದರೆ ಹೋಗಲಿ. ಎಸೆಯಲು ಕೊಟ್ಟದ್ದನ್ನು ಇವಳು ಹೊತ್ತುಕೊಂಡು ತಿರುಗುತ್ತಾಳೆ ಎಂದು ಒಬ್ಬರ ಬಾಯಿಗೆ ಬಿದ್ದರೆ ಸಾಕು, ನಾಳೆಯಿಂದ ಯಾವ ಮನೆಯ ಬಾಗಿಲೂ ಅವಳಿಗೆ ತೆರೆಯುವುದಿಲ್ಲ. ಅದಲ್ಲದೆ ಅದರಲ್ಲಿ ಹೆಂಡತಿಗೆ ಗೊತ್ತಿಲ್ಲದೆ ಗಂಡ ಕೊಟ್ಟದ್ದಿತ್ತು, ಗಂಡನಿಗೆ ಗೊತ್ತಿಲ್ಲದೆ ಹೆಂಡತಿ ಕೊಟ್ಟದ್ದಿತ್ತು. ಅದೆಲ್ಲ ಹೊರಬಿದ್ದರೆ ಎಷ್ಟು ಮನೆಯಲ್ಲಿ ಪಾತ್ರೆ ಹಾರಾಡಬಹುದೋ.

ಶನಿವಾರ ಮಧ್ಯಾಹ್ನ ಅತ್ತೆ ನಿದ್ದೆಹೋದ ಸಮಯ ನೋಡಿ, ಐದೂ ಪೆಟ್ಟಿಗೆಗಳನ್ನು ಡಿಕ್ಕಿಯಿಂದ ಇಳಿಸಿ ಅತ್ತೆಯ ಮಂಚದ ಕೆಳಗೆ ತಳ್ಳಿದಳು. ಇಡೀ ಮನೆಯಲ್ಲಿ ಖಾಲಿಯಿದ್ದ ಜಾಗ ಅದೊಂದೇ, ಅದನ್ನು ಖಾಲಿ ಮಾಡಿಸಿದವಳೂ ಅವಳೇ. ಅತ್ತೆಯ ಗೊರಕೆ ಒಮ್ಮೆ ನಿಂತಂತಾಯಿತು. ಇವಳು ಉಸಿರು ಬಿಗಿಹಿಡಿದು ಮಂಡಿಯೂರಿದಳು. ಗೊರಕೆ ಮತ್ತೆ ಶುರುವಾಯಿತು, ಮೊದಲಿಗಿಂತ ಸ್ವಲ್ಪ ಜೋರಾಗಿಯೇ.

ಭಾನುವಾರ ಬೆಳಗ್ಗೆ ಅವಳು ಕನ್ನಡಿಯ ಮುಂದೆ ಭಾಷಣ ಒಪ್ಪಿಸುತ್ತಿದ್ದಾಗ ಗಂಡ ಕಾರು ತೊಳೆದ. ಹೊರಡುವ ಹೊತ್ತಿಗೆ ಅತ್ತೆ ಒಳ್ಳೆ ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಕೂತಿದ್ದರು.

"ನೀವೂ ಬರ್ತೀರಾ ಅತ್ತೆ?"

"ಸೊಸೆ ಭಾಷಣ ಮಾಡ್ತಾಳೆ ಅಂದ್ರೆ ಬರದೇ ಇರ್ತೀನಾ?"

ದಾರಿಯಲ್ಲಿ ಕಾರಿನ ಹಿಂಭಾಗ ಭಾರವೆನಿಸಿತು. ಅತ್ತೆ ಹಿಂದೆ ಕೂತಿದ್ದಾರಲ್ಲ ಎಂದುಕೊಂಡಳು. ಬಾಯಿಬಿಟ್ಟು ಹೇಳುವ ಮಾತಲ್ಲ.

ಅಂಗಳದಲ್ಲಿ ಅರವತ್ತು ಕುರ್ಚಿಗಳು ತುಂಬಿದ್ದವು. ಭಾಷಣ ಚೆನ್ನಾಗಿಯೇ ಸಾಗಿತು. ಡ್ರಾಯರಿನ ವಿಷಯಕ್ಕೆ ತಲೆದೂಗಿದರು, ಫೋಟೊಗಳ ವಿಷಯಕ್ಕೆ ನಕ್ಕರು. ಆಮೇಲೆ ಎಲ್ಲರೂ ಕಾರಿನ ಸುತ್ತ ಸೇರಿದರು.

"ಕಾರು ನಮ್ಮ ಮನೆಯ ಇನ್ನೊಂದು ಅಟ್ಟ ಅಲ್ಲ," ಎಂದಳು ಖಾಲಿ ಅಕ್ಕ. "ಪ್ರಯಾಣ ಮಾಡದ ಸಾಮಾನು ಕಾರಲ್ಲಿರಬಾರದು. ಮುಂದಿನ ಸೀಟಿನ ಬೆನ್ನಿಗೆ ಒಂದು ಚೀಲ ನೇತುಹಾಕಿ, ಕಸ ಅದರಲ್ಲೇ ಬೀಳಲಿ. ಪೆಟ್ರೋಲು ತುಂಬಿಸುವಾಗಲೆಲ್ಲ ಆ ಚೀಲ ಖಾಲಿ ಮಾಡಿ, ಒಂದು ತುಂಬಿದಾಗ ಇನ್ನೊಂದು ಖಾಲಿ ಅಂತ ನೆನಪಿರತ್ತೆ. ಡಿಕ್ಕಿಯಲ್ಲಿ ಸ್ಟೆಪ್ನಿ, ಜ್ಯಾಕು, ಒಂದು ಛತ್ರಿ, ಒಂದು ಹಳೇ ಟವೆಲ್ಲು. ಅಷ್ಟು ಬಿಟ್ಟು ಬೇರೇನೂ..."

ಅಧ್ಯಕ್ಷೆ ಡಿಕ್ಕಿ ಎತ್ತಿದರು.

ಐದೂ ಪೆಟ್ಟಿಗೆ ಒಳಗಿದ್ದವು, ಅದೂ ಮುಚ್ಚಳ ತೆರೆದು. ಮೇಲೆಯೇ ಒಂದು ಟ್ರಾನ್ಸಿಸ್ಟರ್, ಒಂದು ಮೌತ್ ಆರ್ಗನ್, ಮುಳ್ಳಿಲ್ಲದ ಗಡಿಯಾರ, ಗೋಲಿಗಳ ಬಟ್ಟೆಚೀಲ, ಹೆಣೆಯುವ ಕಡ್ಡಿಗಳಿಗೆ ಇನ್ನೂ ಅಂಟಿಕೊಂಡಿದ್ದ ಅರ್ಧ ಸ್ವೆಟರ್.

ಖಾಲಿ ಅಕ್ಕ ಐದನ್ನೂ ಎಣಿಸಿದಳು. ಗಂಡನ ಕಡೆ ನೋಡಿದಳು.

"ಅಮ್ಮ ಇಡು ಅಂದ್ರು," ಎಂದ ಅವನು ಮೆಲ್ಲಗೆ. "ಪೆಟ್ಟಿಗೆ ಮೇಲಿನ ಚೀಟಿಯಲ್ಲೂ ಹಾಗೇ ಬರೆದಿತ್ತಲ್ಲ. ಜಾಗ, ಕಾರಿನ ಡಿಕ್ಕಿ ಅಂತ."

ಅವಳದೇ ಕೈಬರಹ. ಅತ್ತೆ ಜೀವಮಾನದಲ್ಲಿ ಮೊದಲ ಸಲ ಚೀಟಿ ಓದಿ ಸಾಮಾನನ್ನು ಅದರ ಜಾಗಕ್ಕೆ ಇಡಿಸಿದ್ದರು. ಈಗ ಅವರು ಒಂದು ಕುರ್ಚಿಯಲ್ಲಿ ಕೂತು ಆಕಾಶದಲ್ಲಿ ಹಕ್ಕಿ ಎಣಿಸುತ್ತಿದ್ದರು.

"ಇದು ನನ್ನ ಟ್ರಾನ್ಸಿಸ್ಟರ್," ಎಂದರು ನಿವೃತ್ತ ಹಲ್ಲಿನ ಡಾಕ್ಟರು. ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. "ಕಳ್ಳ ಕದ್ದ ಅಂದಿದ್ದೆ ನೀನು."

"ಕದ್ದ. ಅವನಿಗೂ ಆ ಕರಕರ ಸಹಿಸೋಕಾಗದೆ ಇಲ್ಲಿ ಬಿಟ್ಟು ಹೋಗಿರ್ಬೇಕು," ಎಂದರು ಡಾಕ್ಟರ ಹೆಂಡತಿ. ಅಷ್ಟರಲ್ಲಿ ಅವರ ಕಣ್ಣು ಪಕ್ಕಕ್ಕೆ ಹೋಯಿತು. "ಅಲ್ಲಾ, ನನ್ನ ಮೌತ್ ಆರ್ಗನ್ ಇಲ್ಲಿಗೆ ಹೇಗೆ ಬಂತು?"

ಡಾಕ್ಟರು ಟ್ರಾನ್ಸಿಸ್ಟರಿನ ಕಿವಿ ತಿರುಗಿಸುವುದರಲ್ಲಿ ಮಗ್ನರಾದರು. "ಅದೇ ಕಳ್ಳ ಇರ್ಬೇಕು," ಎಂದರು.

ಮೂರನೇ ಮಹಡಿಯ ಆಡಿಟರ್ ಮಾತ್ರ ಮುಂದೆ ಬಂದು ಗಂಟಲು ಸರಿಮಾಡಿಕೊಂಡರು. "ಇದು ತಮಾಷೆ ಅಲ್ಲ. ನಾವು ಎಸೀರಿ ಅಂತ ಕೊಟ್ಟ ಸಾಮಾನು ಇವರ ಹತ್ರ ಯಾಕಿದೆ? ಇಂಥವರನ್ನ ಮನೆಯೊಳಗೆ ಬಿಟ್ಕೊಳ್ಳೋದು ಹೇಗೆ?"

ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲ.

"ನಿಮ್ಮ ಮಾತು ಸರಿ, ಸರ್," ಎಂದಳು ಖಾಲಿ ಅಕ್ಕ. "ಕೇಳದೆ ಇಟ್ಕೊಂಡದ್ದು ತಪ್ಪು. ಆದ್ರೆ ನಾನು ಒಂದನ್ನೂ ಬಳಸಿಲ್ಲ, ಮಾರಿಲ್ಲ. ಕೊಟ್ಟ ಮೇಲೆ ಇನ್ನೊಂದು ಸಲ ಮುಟ್ಟಿದ್ದನ್ನ ಎಸೆಯೋಕೆ ನನಗೆ ಕೈ ಬರಲ್ಲ. ಎರಡು ತಿಂಗಳು ಕಾಯ್ತೀನಿ. ಯಾರೂ ಕೇಳದಿದ್ರೆ ಸಾಗಿಸ್ತೀನಿ." ಗೋಲಿಗಳ ಚೀಲವೆತ್ತಿ ಚೀಟಿ ಓದಿದಳು. "ಮನೆ ನಂಬರು ಮೂವತ್ತೊಂದು. ಮೂರು ಸಲ ಮುಟ್ಟಿದ್ದು."

ಮೂವತ್ತೊಂದು ಆಡಿಟರ್ ಮನೆ. ಅವರು ಚೀಲವನ್ನು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಎಣಿಸಿದ್ದೀರಾ?"

"ಇಲ್ಲ ಸರ್."

"ನೂರಾ ಹನ್ನೆರಡು ಇರಬೇಕು," ಎಂದು ಪ್ಯಾಂಟಿನ ಮಂಡಿ ಎಳೆದುಕೊಂಡು ಅಲ್ಲೇ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಆಮೇಲೆ ಅವರಿಂದ ಯಾವ ಆಕ್ಷೇಪಣೆಯೂ ಬರಲಿಲ್ಲ. ನಡುವೆ ಒಮ್ಮೆ "ಹಸಿರುದು ಸಿಕ್ತು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡದ್ದು ಕೇಳಿಸಿತು.

ಅದೊಂದು ಆದದ್ದೇ ತಡ, ಜನ ಪೆಟ್ಟಿಗೆಗಳ ಮೇಲೆ ಬಾಗಿದರು. ಆದರೆ ಖಾಲಿ ಅಕ್ಕನ ಕಣ್ಣಿದ್ದದ್ದು ಅರ್ಧ ಸ್ವೆಟರಿನ ಮೇಲೆ. ಅದು ಗಂಡಸರ ಅಳತೆಯದು, ಒಂದೇ ತೋಳಿನದು. ಅದನ್ನು ಕೊಡುವಾಗ ಅಧ್ಯಕ್ಷೆ, "ಹಾಕಿಕೊಳ್ಳುವವರು ಇಲ್ಲ, ಎಸೀರಿ," ಎಂದಿದ್ದರು. ಆಮೇಲೆ ನೂಲು ಸರಿಮಾಡುವ ನೆಪದಲ್ಲಿ ಎರಡು ಸಲ ಮುಟ್ಟಿದ್ದರು. ಎಂಬತ್ತು ಮನೆಯ ಮುಂದೆ ಅದನ್ನು ಅಧ್ಯಕ್ಷೆ ಬಂದು ಎತ್ತಿಕೊಳ್ಳಬೇಕಾಗಬಾರದು ಎನಿಸಿತು. ಹಳೇ ಟವೆಲ್ಲನ್ನು ಎಳೆದು ಸ್ವೆಟರಿನ ಮೇಲೆ ಹಾಕಿದಳು. ಹಾಕುವಾಗ, ಇಲ್ಲಿಯ ಕೆಲಸವಂತೂ ಹೋಯಿತು, ಇದಾದರೂ ಉಳಿಯಲಿ ಎಂದುಕೊಂಡಳು.

ಅಧ್ಯಕ್ಷೆ ಅದನ್ನು ನೋಡಿದರು. ಬಂದು ಟವೆಲ್ಲನ್ನು ಸರಿಸಿ, ಸ್ವೆಟರನ್ನು ನೀಟಾಗಿ ಮಡಿಸಿ, ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಕಡ್ಡಿಗಳೆರಡು ಕೊಂಬಿನ ಹಾಗೆ ಹೊರಗೆ ನಿಂತವು.

"ಯಾರೂ ಏನೂ ಕೇಳಬೇಡಿ," ಎಂದರು ಎಲ್ಲರಿಗೂ. ಯಾರಿಗೂ ಅಷ್ಟು ಧೈರ್ಯವಿರಲಿಲ್ಲ. ಮತ್ತೆ ಖಾಲಿ ಅಕ್ಕನ ಕಡೆ ತಿರುಗಿದರು. "ಎಂಬತ್ತು ಮನೆಗೆ ಈ ಡಿಕ್ಕಿ ಸಾಲಲ್ಲ. ಕೆಳಗೆ ಕಾವಲುಗಾರರ ಹಳೇ ಕೋಣೆ ಖಾಲಿಯಿದೆ, ಬೀಗದ ಕೈ ನಿಮ್ಮ ಹತ್ರ ಇಟ್ಕೊಳ್ಳಿ. ಬುಧವಾರದಿಂದ ಕೆಲಸ ಶುರು ಮಾಡಿ. ಆದರೆ ಇನ್ಮೇಲೆ ಹೇಳಿ ಇಟ್ಕೊಳ್ಳಿ. ಮತ್ತೆ ಎರಡು ತಿಂಗಳು ಅನ್ನೋದು ಕಡಿಮೆಯಾಯ್ತು. ಮೂರು ಮಾಡಿ."

"ಆಗಲಿ ಮೇಡಂ," ಎಂದಳು.

ಮನೆಗೆ ಬರುವಾಗ ಕಾರು ಹಗುರವಾಗಿತ್ತು. ಉಳಿದದ್ದು ಬೇರೆ ಕಡೆಯ ಮನೆಗಳ ಎರಡೇ ಪೆಟ್ಟಿಗೆ. ಖಾಲಿ ಅಕ್ಕ ಅವುಗಳನ್ನು ಒಂದೊಂದಾಗಿ ನೋಡಿದಳು. ಎಲ್ಲ ಇತ್ತು, ಹೆಡ್‌ಫೋನ್ ಇರಲಿಲ್ಲ.

ಅತ್ತೆಯ ಕೋಣೆಗೆ ಹೋದಳು. ಮಂಚದ ತಲೆಯ ಕಡೆ, ಗೋಡೆಯ ಮೊಳೆಗೆ, ಸ್ಪಂಜಿಲ್ಲದ ಆ ಹೆಡ್‌ಫೋನು ನೇತಾಡುತ್ತಿತ್ತು. ಅದಕ್ಕೆ ಅವಳ ಚೀಟಿ ಹಾಗೇ ಅಂಟಿಕೊಂಡಿತ್ತು: ಸ್ವಂತ ಮನೆ, ನಾಲ್ಕು ಸಲ ಮುಟ್ಟಿದ್ದು. ಕೆಳಗೆ ಅತ್ತೆಯ ದುಂಡು ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿತ್ತು: ಐದು ಸಲ. ಜಾಗ, ಇದೇ ಮೊಳೆ.

"ನಿನ್ನೆ ಮಧ್ಯಾಹ್ನ ನೀವು ನಿದ್ದೆ ಮಾಡ್ತಿರಲಿಲ್ಲ," ಎಂದಳು.

"ಮಂಚದ ಕೆಳಗೆ ಅಷ್ಟು ಸದ್ದು ಮಾಡಿದ್ರೆ ಯಾರಿಗೆ ನಿದ್ದೆ ಬರತ್ತೆ?" ಅತ್ತೆ ಸೀರೆ ಮಡಿಸುತ್ತಿದ್ದರು, ತಲೆಯೆತ್ತಲಿಲ್ಲ.

"ಮುಚ್ಚಳ ತೆರೆದಿಟ್ಟವರೂ ನೀವೇ. ನನ್ನ ಕಸುಬೇ ಮುಳುಗಿಹೋಗ್ತಿತ್ತಲ್ಲ ಅತ್ತೆ."

"ಕೇಳಬೇಕು ಅಂತ ಒದ್ದಾಡೋವ್ರು ಒಂದು ಕಡೆ, ಕೊಡಬೇಕು ಅಂತ ಕಾಯೋವ್ಳು ಇನ್ನೊಂದು ಕಡೆ. ಮೂವತ್ತು ವರ್ಷ ಮಾಡಿದ ಕೆಲಸ ಕಣೇ. ಲೈನ್ ಕೊಟ್ಟೆ, ಅಷ್ಟೇ."

ಖಾಲಿ ಅಕ್ಕ ಮೊಳೆಯ ಮೇಲಿನ ಹೆಡ್‌ಫೋನನ್ನು ತುಸು ನೇರ ಮಾಡಿದಳು.

"ಅತ್ತೆ, ನನ್ನ ಕತ್ತರಿ ನೋಡಿದ್ರಾ? ಹೊಸ ಚೀಟಿ ಕತ್ತರಿಸಬೇಕಿತ್ತು."

"ಅದರ ಜಾಗದಲ್ಲೇ ಇರತ್ತೆ, ನೋಡು," ಎಂದರು ಅತ್ತೆ.

ಅವಳು ಫ್ರಿಜ್ಜಿನ ಮೇಲೆ ಕೈಯಾಡಿಸಿದಳು. ಅಲ್ಲೇ ಇತ್ತು.