ಮಾಡದಾಗಿನ ಬಟ್ಟಲ

ಹೂ, ಅದ್ಯಾಕ ಹೂ ಅಂತ ಬರದಾನ ಇಂವ, ಸ್ಕ್ರೀನಿನ್ಯಾಗ ಇಂಗ್ಲೀಷಿನೊಳಗ ನೆಟ್ಟಗ ಕುಂತೈತಿ, ತಿರುಗಿ ಬಾರದ ಪೇಜಿನ ಮ್ಯಾಲ ಒಂದ ಹೂ ಇಟ್ಟು ಬಿಟ್ಟುಬಿಡ್ರಿ ಅಂತ, ಕೆಳಗ ಹೆಸರು ಭೀಮೇಶ, ಭೀಮ್ಯಾ, ನಮ್ಮ ಕಾಕಾನ ಮಗ, ಈ ಗ್ವಾಡಿ ಆಚಿಕಡಿ ಇರಾಂವ, ಹುಟ್ಟಿದಾಗಿಂದ ಒಂದ ಜೋಕ್ ಹೊಡದಾಂವಲ್ಲ, ಸಿನಿಮಾದಾಗ ಕಾಮಿಡಿ ಬಂದ್ರ ಫೋನ್ ನೋಡಾಂವ, ಅವಂಗ ಹೂ ಎಲ್ಲಿಂದ ಬಂತು — ಅವ್ವ ಒಲಿ ಮುಂದ ಕುಂತು ರೊಟ್ಟಿ ಬಡಿಯಾಕತ್ಯಾಳ, ತಟ್ ತಟ್ ತಟ್, ಹೀರೋಯಿನ್ ಸೋತಾಗ ಹಿಂದ ಬಾರಸ್ತಾರಲ್ಲ ಅಗದಿ ಹಂಗ — ತಡಿ, ನಾ ಸೋತಿಲ್ಲ, ಈ ಶಿವಗಂಗಾ ಎದ್ದು ಹೋದ್ರ ಪಿಕ್ಚರ್ ಮುಗೀತು ಅಂತ ತಿಳಕೊಂಡು ಮಂದಿ ಸೈಕಲ್ ಸ್ಟ್ಯಾಂಡಿಗೆ ಹೋಗ್ತಾರ, ಇನ್ನೊಮ್ಮೆ ಓದು, ಸಾವಕಾಶ ಓದು, ಹಾಂ, ನಂದ, ಒಂದೊಂದ ಸಾಲೂ ನಂದ, ಹಲಕಟ್ಟ ನನ್ನ ಮಗಾ ಪೂರಾ ಎತ್ತಿಕೊಂಡು ಹೋಗ್ಯಾನ, ಮುಂಜಾನೆ ಕಳಸ್ಯಾನ, ಜಗತ್ತಿನ ಮಂದಿ ಕೂಡಿ ಕರ್ನಲ್ ಅಂದ್ರ ಕಂಪ್ಯೂಟರಿನ ಜೀವದಂಥಾ ಪ್ರೋಗ್ರಾಮ್ ರಿಪೇರಿ ಮಾಡೂ ಮೇಲ್ ಪಟ್ಟಿಗೆ, ಅಲ್ಲೆ ಮೊದಲ ಯಾರು ಕಳಸ್ತಾರೋ ಆ ರಿಪೇರಿಗೆ ಅವರ ಹೆಸರು ಕಾಯಂ, ಮುಂದ ಎಲ್ಲೆಲ್ಲಿ ಆ ಕರ್ನಲ್ ಓಡತೈತಿ ಅಲ್ಲೆಲ್ಲಾ ಅದರ ಹಿಂದ ಆ ಹೆಸರು, ಶಿವಗಂಗಾ ಅಂತ ಇರಬೇಕಿತ್ತು, ಅಣ್ಣಿಗೇರಿ ಶಿವಗಂಗಾ, ನೀ ಕರ್ನಲ್ಲಿಗೆ ಏನ್ ಕಳಸ್ತಿ ಗಂಗೀ, ಹೋಳಿಗಿ ಕಳಸು, ಅಂದಿದ್ದ ಭೀಮ್ಯಾ, ಕಾಕಾ ಮೀಸಿಯಾಗ ನಕ್ಕಿದ್ದ, ಆ ನಗಿ ಈಗೂ ಕಿವ್ಯಾಗ ಐತಿ, ಅದನ್ನ ಅವರ ಬಾಯಾಗ ತಿರುಗಿ ತುರುಕಬೇಕು ಅಂತ ನಾ ಈ ಚಾಪಿ ಮ್ಯಾಲ ಕುಂತದ್ದು, ಗ್ವಾಡ್ಯಾಗಿನ ಈ ಮಾಡದ, ಈ ಗೂಡಿನ ಕೆಳಗ, ಕಾಲು ಜೋಮು ಹಿಡಿಯೂತನಕ.

ಜಾಗಾ ಬ್ಯಾರೆ ಇರಲಿಲ್ಲ, ಮಾಡದ ಕೆಳಗ ಕುಂಡ್ರಬೇಕು, ವೈರು ಅಲ್ಲಿತನಕ ಅಷ್ಟ ಮುಟ್ಟತೈತಿ, ಕರೀ ವೈರು, ಅವನ ಮಷೀನಿಂದ ಬಂದದ್ದು, ಯಾಕಂದ್ರ ನನ್ನ ಲ್ಯಾಪ್‌ಟಾಪ್ ಒಂದ ಕೆಲಸ ಹೇಳಿದ್ರ ಏದುಸಿರು ಬಿಡ್ತೈತಿ, ಅವಂಗ ಕಾಕಾ ದೊಡ್ಡ ಮಷೀನ್ ತಂದಕೊಟ್ಟಾನ, ಅದರ ಹೊಟ್ಟಿಯಾಗ ನಂಗೊಂದು ಸುಳ್ಳ ಮಷೀನ್, ಬರೇ ಪ್ರೋಗ್ರಾಮಿನ್ಯಾಗ ಇರೂವಂಥಾದ್ದು, ಓಣ್ಯಾಗ ನಿಂತು ಕಾಕಾ ಹೇಳ್ಯಾಡಿದ್ದ, ನಮ್ಮ ಹುಡಿಗೀಗೂ ಒಂದ ಮೂಲಿ ಕೊಡಸೇನಿ ನೋಡ್ರಿ ಅಂತ, ಭೀಮ್ಯಾ ಬಾಗಲದಾಗ ನಿಂತು ಹೇಳಿದ್ದು ಇಷ್ಟ, ಹೋಸ್ಟ್ ಅಂದ್ರ ನಾನು, ಗೆಸ್ಟ್ ಅಂದ್ರ ನೀನು, ಗೆಸ್ಟ್ ಗೆಸ್ಟಿನಂಗ ಇರಬೇಕು — ಆತು ಭೀಮೇಶಣ್ಣ, ಬಾಯಾಗ ಅಣ್ಣ, ಹೊಟ್ಟ್ಯಾಗ ಬ್ಯಾರೆ ಹೆಸರು, ಅವನ ಸಿಟ್ಟು ನಂಗ ಗೊತ್ತಿಲ್ಲೇನು, ಅವನ ಫೋನಿಗೆ ಕತ್ತೆ ಒದರೂ ರಿಂಗ್‌ಟೋನ್ ಹಾಕಿದಾಕಿ ನಾನ, ಹೆಣ್ಣ ನೋಡಾಕ ಹೋದಲ್ಲೆ ಕಿಸೆದಾಗ ಒದರೇತಿ, ಹುಡಿಗಿ ಚಹಾ ಚೆಲ್ಲಿ ನಕ್ಕಾಳಂತ, ಅವತ್ತಿಂದ ಅಂವ ನನ್ನ ಮಾರಿ ನೋಡಿದ್ರ ಹಲ್ಲು ಕಡೀತಾನ, ಕಡೀಲಿ, ಅದಕ ನಾ ನನ್ನ ಗೆಸ್ಟಿಗೆ ಕೀಲಿ ಜಡದೆ, ಆ ಮಷೀನಿನ ಚಿಪ್ಪಿನ್ಯಾಗ ಆ ಸವಲತ್ತು ಐತಿ, ನನ್ನ ಮೆಮರಿ ನಂದು, ಹೋಸ್ಟ್ ಇಣುಕಿದ್ರ ಬರೇ ಕಸ ಕಾಣಸ್ತೈತಿ, ಇಣುಕ್ ಮಗನ, ಎಷ್ಟ ಇಣುಕ್ತಿ ಇಣುಕು — ಆದ್ರ ಕೀಲಿ ಜಡದ ಗೆಸ್ಟೂ ಹೊರಗ ಏನರ ಕಳಸಬೇಕಂದ್ರ ಹೋಸ್ಟಿನ ಕೈಲೆನ ಕಳಸಬೇಕು, ಅದಕ್ಕ ಒಂದ ಪೇಜ್ ಮೆಮರಿ ತಗದು, ಇದಷ್ಟು ನೀನೂ ನೋಡಪಾ, ಅಂತ ಕೊಡೂದು, ಕೆಲಸ ಮುಗದ ಮ್ಯಾಲ, ತಾ ಇಲ್ಲೆ, ಇದು ಇನ್ನ ನಂದು, ಅಂತ ಇಸಗೊಳ್ಳೂದು, ಅಗದಿ ನಮ್ಮ ಮಾಡದಂಗ.

ಅಜ್ಜನ ಮನಿ ಎರಡ ಹೋಳ ಆದಾಗ ನಡಕ ಈ ಗ್ವಾಡಿ ಎಬ್ಬಿಸಿದ್ರು, ಮೊಳಾ ದಪ್ಪ ಮಣ್ಣಿನ ಗ್ವಾಡಿ, ಅದರಾಗ ಆರಪಾರ ಒಂದ ಮಾಡ ಬಿಟ್ರು, ನಮ್ಮ ಕಡಿ ಒಂದ ಸಣ್ಣ ಕದಾ, ಅವರ ಕಡಿ ಒಂದ, ಅವ್ವ ಬಟ್ಟಲದಾಗ ಝುಣಕ ಇಟ್ಟು ಬರ್ತಾಳ, ಕಾಕಿ ಆ ಕಡಿಂದ ತಗೋತಾಳ, ತಿರುಗಿ ಬರೂವಾಗ ಬಟ್ಟಲದಾಗ ಉಪ್ಪಿನಕಾಯರ, ಸಕ್ರಿಯರ ಇರತೈತಿ, ಗಂಡಸರು ಕೋರ್ಟಿಗೆ ಹೋದ ವರ್ಷಾನೂ ಬಟ್ಟಲ ಓಡ್ಯಾಡೇತಿ, ನಿನ್ನಿನ ಬಟ್ಟಲ ಮಾತ್ರ ಇನ್ನೂ ಬಂದಿಲ್ಲ, ಅವ್ವ ಮುಂಜಾನಿಂದ ಅಂತಾಳ, ಬಟ್ಟಲ ಬರಲಿಲ್ಲಲ್ಲಬೇ — ಹಾಂ, ಬರಲಿಲ್ಲ, ಕರ್ನಲ್ಲಿನ್ಯಾಗ ನಾ ಹಿಡದ ತಪ್ಪೂ ಅದ, ಕೊಟ್ಟ ಪೇಜ್ ತಿರುಗಿ ಕೇಳಿದಾಗ ಒಮ್ಮೊಮ್ಮೆ ಬರೂದಿಲ್ಲ, ಹೋಸ್ಟಿನ ಕೈ ಅದರ ಮ್ಯಾಲ ಹಂಗ ಇರ್ತೈತಿ, ಗೆಸ್ಟಿನ ಕರ್ನಲ್ಲು ಹಿಂದ ತಿರುಗಿ ನೋಡೂದಿಲ್ಲ, ಬಂತು ಅಂತ ತಿಳಕೊಂಡು ಅದನ್ನ ಒಯ್ದು ತನ್ನ ಖಾಲಿ ಪೇಜಿನ ಸಾಲಿನ್ಯಾಗ ಇಡ್ತೈತಿ, ನಾಳೆ ಯಾರೋ ಅದರಾಗ ಪಾಸ್‌ವರ್ಡ್ ಬರೀತಾರ, ಹೋಸ್ಟ್ ಕಾಲಮ್ಯಾಲ ಕಾಲ ಹಾಕ್ಕೊಂಡು ಓದ್ತಾನ, ಇಷ್ಟ ದೊಡ್ಡ ದೊಡ್ಡ ಮಂದಿ ಬರದ ಕರ್ನಲ್ಲು, ಯಾರ ಕಣ್ಣಿಗೂ ಬಿದ್ದಿರಲಿಲ್ಲ, ನನ್ನ ಕಣ್ಣಿಗೆ ಬಿತ್ತು, ಎಂಟ್ರಿ ಸೀನು, ಸೀಟಿ ಹೊಡೀರಿ, ಆ ತಪ್ಪಿಗೆ ಔಷಧಾನೂ ನಾನ ಬರದೆ, ಬರಲಿಲ್ಲಂದ್ರ ಬಿಡು, ಹೋತು ಒಂದ ಪೇಜ್, ಮತ್ತ ಮುಟ್ಟಬ್ಯಾಡ, ಅವತ್ತ ಕಳಸಿಬಿಟ್ಟಿದ್ರ ಮುಗೀತಿತ್ತು, ಕಳಸಲಿಲ್ಲ, ಯಾಕ, ಭೀಮ್ಯಾನ ಮರ್ಯಾದಿ ಪೋಸ್ಟರ್ ಮಾಡಿ ಅಂಟಸಬೇಕಿತ್ತು ನಂಗ, ಒಂದ ಪೇಜ್ ಬೇಕಂತಲೇ ಅವನ ಕಡಿಗೆ ತೆರದಿಟ್ಟೆ, ಅದರಾಗ ಒಂದ ಸುಳ್ಳ ಔಷಧ ಬರದಿಟ್ಟೆ, ಸಾಲಿನ ಮೊದಲನೇ ಅಕ್ಷರ ಅಷ್ಟ ಕೂಡಿಸಿ ಓದಿದ್ರ ನಾನು ಕಳ್ಳ ಅಂತ ಬರತೈತಿ, ಕದ್ದು ಕಳಸಲಿ, ಜಗತ್ತಿನ ಮುಂದ ತಾನ ಒಪ್ಪಿಕೊಳ್ಳಲಿ, ಬಲಿ ಹಾಸಿ ಕುಂತೆ, ದಿನಾ ಪಟ್ಟಿ ನೋಡೂದು, ದಿನಾ ನಗೂದು.

ಬಲಿಯಾಗ ಇಲಿ ಬಂದಿಲ್ಲ, ಇಲಿ ಅಡಗಿಮನಿಗೆ ಹೋಗಿ ಉಂಡು ಕೈ ತೊಳಕೊಂಡೈತಿ, ಅಂವ ಕಳಿಸಿದ್ದು ಖರೇ ಔಷಧ, ಹೆಂಗ, ಕೀಲಿ ಮುರದ್ನೇನು, ನೋಡಿದೆ, ಮುರದಿಲ್ಲ, ಹಂಚಿದ ಪೇಜು ಒಂದೊಂದ ತಗದು ನೋಡಿದೆ, ಖರೇದು ಯಾವದರಾಗೂ ಇಲ್ಲ, ಒಂದ ಅಕ್ಷರ ಇಲ್ಲ, ಆ ಪಟ್ಟಿಯವರಿಗೆ ಬರದು ಹೇಳಲ್ಯಾ, ಇದು ನಂದ್ರಿ ಸರ, ಇಂವ ಕದ್ದಾನ್ರಿ ಅಂತ, ಪುರಾವಿ ಏನೈತಿಬೇ ಅಂದ್ರ, ಫೈಲಿನ ತಾರೀಖು ತೋರಸ್ಲ್ಯಾ, ನನ್ನ ಗಡಿಯಾರ ತಿರುಗೂದೂ ಹೋಸ್ಟಿನ ಕೈಲೆ, ತಾರೀಖ ಅವನ ತಿದ್ದ್ಯಾನ ಅಂದ್ರ ತಿದ್ದ್ಯಾನ, ನಾನ ತಿದ್ದೇನಿ ಅಂದ್ರೂ ನಡೀತೈತಿ, ಅದರ ಮ್ಯಾಲ ದೂರದೇಶದ ಯಾರೋ ಹಿರ್ಯಾ ಆಗಲೇ ಉತ್ತರ ಬರದಾನ, ಭಾಳ ಛಲೋ ಕೆಲಸ ಭೀಮೇಶ, ಆ ಹೂವಿನ ಮಾತು ಮನಸಿಗೆ ಹತ್ತಿತು ಅಂತ, ಉರೀತೈತಿ, ಅಲ್ಲೆ ಮೆಣಸಿನಕಾಯಿ ಹಚ್ಚಿದಂಗ ಉರೀತೈತಿ, ಹೂವು, ಹೂವು, ನನ್ನ ಗೆಸ್ಟ್ ಪೂರಾ ಹುಡುಕಿಸಿದೆ, ಹೂ ಅನ್ನೂ ಶಬ್ದ ಎಲ್ಲೈತಿ ತೋರಸು ಅಂತ, ಇಂಗ್ಲೀಷಿನ್ಯಾಗ ಇಲ್ಲ, ಕನ್ನಡದಾಗ ಇಲ್ಲ, ಎಲ್ಲೂ ಇಲ್ಲ, ನಾ ಅದನ್ನ ಬರದೇ ಇಲ್ಲ — ಬರದಿಲ್ಲ.

ಅಂದೇನಿ. ನಿನ್ನೆ, ಇಲ್ಲೆ, ಇದ ಚಾಪಿ ಮ್ಯಾಲ ನಿಂತು, ಸೌಟು ಮೈಕಿನಂಗ ಹಿಡದು, ಅವ್ವ ಕೇಳಿದ್ಲು, ಅಷ್ಟೊತ್ತಾತು ಅದೇನ ಮಾಡ್ತಿಬೇ, ಒಂದರ ನಂಗ ತಿಳಿಯೂ ಹಂಗ ಹೇಳು, ಹೇಳಿದೆ, ಪೂರಾ ಹೇಳಿದೆ, ಮಾಡದ ಲೆಕ್ಕದಾಗ, ಪೇಜಿನ ಲೆಕ್ಕದಾಗ, ಎಲ್ಲಿ ತಪ್ಪು, ಎಲ್ಲಿ ಯಾವ ಸಾಲ ಹಾಕಬೇಕು, ಕೋಡ್ ಸುದ್ದಾ ಓದಿ ತೋರಿಸಿದೆ, ಕಡೀಕ ಕಾಲರ್ ಎತ್ತಿ, ಧ್ವನಿ ದಪ್ಪ ಮಾಡಿ, ಹೋದ ಬಟ್ಟಲ ಹೊಳ್ಳಿ ಬರಲಿಲ್ಲಂದ್ರ ಅದು ನಮ್ಮದಲ್ಲವ್ವಾ, ಅದರ ಮ್ಯಾಲ ಒಂದ ಹೂ ಇಡು, ಬಿಡು, ಅಂದೆ, ಅವ್ವ ಹಿಟ್ಟಿನ ಕೈಲೆ ಬಾಯಿ ಮುಚಿಗೊಂಡು ನಕ್ಕಳು, ಮೂಗಿಗೆ ಹಿಟ್ಟು ಹತ್ತಿತು, ಇನ್ನೊಮ್ಮೆ ಹೇಳು ಅಂದ್ಲು, ಇನ್ನೊಮ್ಮೆ ಹೇಳಿದೆ, ಇನ್ನೂ ಜೋರಾಗಿ, ಮಾಡದ ಬಾಜು ನಿಂತು — ಮಾಡದ ಕದಾ. ಮುಚ್ಚೂದಿಲ್ಲ ಅದು. ವೈ-ಫೈ ಈ ಮಣ್ಣ ಗ್ವಾಡಿ ದಾಟೂದಿಲ್ಲಂತ ವೈರು ತಂದಾಕಿ ನಾನ, ಮಾಡದಾಗ ತೂರಿಸಿದಾಕಿ ನಾನ, ವೈರಿನ ದಪ್ಪಕ್ಕ ನಮ್ಮ ಕದಾನೂ ಒಂದ ಬೊಟ್ಟು, ಬೆರಳಿನಷ್ಟು, ತೆರದ ನಿಂತೈತಿ, ಅವರದೂ ಒಂದ ಬೊಟ್ಟು ತೆರದ ನಿಂತೈತಿ, ಆ ಕಂಡಿಗೆ ಅವನ ಕುರ್ಚಿ ಎಷ್ಟ ದೂರ, ಕೈ ಚಾಚಿದ್ರ ಮುಟ್ಟತೈತಿ, ಒಳಗ ಅಷ್ಟೆಲ್ಲಾ ಕೀಲಿ, ಅಷ್ಟೆಲ್ಲಾ ಬಂದೋಬಸ್ತು, ಹೊರಗ ನಾ ಸೌಟು ಹಿಡಕೊಂಡು ಅವನ ಕಿವ್ಯಾಗ ಬರಸಾಕತ್ತಿದ್ದೆ, ನಿಧಾನಕ್ಕ, ಎರಡೆರಡ ಸಲ, ಬರಕೋ ಭೀಮೇಶಣ್ಣ ಅಂದಂಗ.

ಬೈಬೇಕು, ಗಂಟಲತನಕ ಬಂದಾವು, ಓಣಿ ಮಂದಿ ಚಪ್ಪಲಿ ಬಿಟ್ಟು ಓಡಿ ಬರೂವಂಥಾ ಬೈಗಳಾ, ಅಂದ್ರ ಅವನ್ನೂ ಕೇಳ್ತಾನ, ಅಳಬೇಕು, ಅದನ್ನೂ ಕೇಳ್ತಾನ, ಉಸರು ಹಿಡದೇನಿ, ಆ ಕಡಿ ಕುರ್ಚಿ ಕಿರ್ರ್ ಅನ್ನವಲ್ದು, ಫ್ಯಾನೂ ತಿರುಗವಲ್ದು, ಅಂವನೂ ಉಸರು ಹಿಡದಾನ, ರೊಟ್ಟಿ ಬಡಿಯೂದು ನಿಂತಿತು, ಸುಮ್ಕ ಯಾಕಾದಿಬೇ ಗಂಗೀ, ಅವ್ವ ಒಳಗಿಂದ, ಮಾಡದಾಗ ಏನೋ ಸಪ್ಪಳಾತು, ಬಟ್ಟಲ ಬಂತೇನು ನೋಡು, ಎದ್ದೆ, ಬೆರಳಲೆ ಕದಾ ಸರಿಸಿದೆ, ಬಂದೈತಿ, ನಿನ್ನಿನ ಬಟ್ಟಲ, ಬೆಳಗಿ ಇಟ್ಟಾರ, ಥಳಥಳ, ಉಪ್ಪಿನಕಾಯಿ ಇಲ್ಲ, ಸಕ್ರಿ ಇಲ್ಲ, ನಡಕ ಒಂದ ಸೇವಂತಿಗಿ ಹೂ, ಕಾಕಿ ಹೂ ಇಡಾಕಿ ಅಲ್ಲ, ಬಟ್ಟಲದ ಬಾಜು ಕರೀ ವೈರು, ವೈರಿನ ಆಚಿಕಡಿ ಅವರ ಕದಾ, ಒಂದ ಬೊಟ್ಟು ಕಂಡಿ, ಕಂಡ್ಯಾಗ ಕತ್ತಲ, ಕತ್ತಲದಾಗ ಕಣ್ಣಿನಂಗ ಏನೋ ಮಿಣಕ್ ಅಂತು, ಬಂತೇನಬೇ ಬಟ್ಟಲ, ಅವ್ವ, ಒಳಗ ತಗೋ, ತಗೋಬೇಕು, ಕೈ ಏಳವಲ್ದು, ಬಂದೈತೋ ಇಲ್ಲೋ, ನಮ್ಮದೋ ಅಲ್ಲೋ, ಬಟ್ಟಲ, ಬಟ್ಟಲದಾಗ ಹೂ, ಬಾಜು ವೈರು, ಒಂದ ಬೊಟ್ಟು ಕಂಡಿ, ಬಟ್ಟಲ, ಹೂ