ಇನ್ಶಿರಾಹ್ ಟೀಚರ ದನಿಗೆ ತಕ್ಕ ಮೈಕು

ಈಜಿಪ್ಟಿನ ತಹ್ತಾ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇನ್ಶಿರಾಹ್ ಟೀಚರ ತರಗತಿಗೆ ಎಪ್ಪತ್ತೆರಡು ಮಕ್ಕಳು. ಹೊರಗೆ ಆಟೋಗಳ ಹಾರನ್ನು, ಒಳಗೆ ಫ್ಯಾನಿನ ಗಡಗಡ. ಹದಿನೆಂಟು ವರ್ಷ ಅವರು ಕೂಗಿಯೇ ಪಾಠ ಮಾಡಿದ್ದರು. ಈಗ ಒಂದು ತಿಂಗಳಿಂದ ಗಂಟಲು ಒಡೆದಿತ್ತು. ಮನೆಯಲ್ಲಿ ಗಂಡ ರಗಬ್ ಏನು ಕೇಳಿದರೂ ತಲೆಯಾಡಿಸುವುದಷ್ಟೇ. ಆ ಮೌನಕ್ಕೆ ಮನೆಯೇ ಒಗ್ಗತೊಡಗಿದ್ದು ಅವರನ್ನು ನೋವಿಗಿಂತ ಹೆಚ್ಚು ಹೆದರಿಸಿತು.

ಧ್ವನಿತಂತುಗಳಲ್ಲಿ ಗಂಟು ಎದ್ದಿದೆ, ಹೀಗೇ ಕೂಗಿದರೆ ದನಿ ಹೋದೀತು ಎಂದರು ವೈದ್ಯರು.

"ಮೈಕು ತಗೊಳ್ಳೇ," ಎಂದಳು ಶಾಲೆಯ ನರ್ಸ್ ತಹಾನಿ.

"ಹಳೇ ಪಾತ್ರೆ ಕೊಳ್ಳೋನ ಥರ ಮೈಕಲ್ಲಿ ಒದರ್ಲಾ?" ಇನ್ಶಿರಾಹ್ ಪಿಸುಗುಟ್ಟಿದರು.

ರಗಬ್ ಮಾತ್ರ ಮದುವೆಗೆ ಬಳಸುವ ದೊಡ್ಡ ಸ್ಪೀಕರ್ ಪೆಟ್ಟಿಗೆಯನ್ನೇ ತಂದ. ಜೊತೆಗೊಂದು ಚಿಕ್ಕ ಮೈಕು. ಕಾಣಬಾರದೆಂದು ಇನ್ಶಿರಾಹ್ ಅದನ್ನು ತಲೆವಸ್ತ್ರದೊಳಗೆ, ಗದ್ದದ ಕೆಳಗೆ ಸಿಕ್ಕಿಸಿಕೊಂಡರು. ತರಗತಿಯಲ್ಲಿ ಪಾಠ ಕೇಳಲಿಲ್ಲ, ಬಟ್ಟೆಯ ಸರಸರ ಕೇಳಿತು. ಸದ್ದು ಏರಿಸಿದಾಗ ಬೆನ್ನ ಹಿಂದಿನ ಪೆಟ್ಟಿಗೆ ಕಿರುಚಿತು. ಪಕ್ಕದ ತರಗತಿಯ ಟೀಚರೂ ಓಡಿ ಬಂದರು.

"ನಾ ಹೇಳ್ಲಿಲ್ವಾ?" ಇನ್ಶಿರಾಹ್ ತಹಾನಿಯ ಬಳಿ ಪಿಸುಗುಟ್ಟಿದರು.

"ಬಟ್ಟೆ ಒಳಗೆ ಇಟ್ರೆ ಅದು ಬಟ್ಟೆ ಸುದ್ದಿನೇ ಹೇಳೋದು," ಎಂದಳು ತಹಾನಿ. "ಶಾಲೆಗೆ ಹಾಕೋ ತಲೆವಸ್ತ್ರನೇ ಸುತ್ಕೊಂಡು ಬಾ. ಅಂಗಡೀಲೇ ಹಾಕಿ ನೋಡೋಣ."

"ಇದು ಬೀದಿ ಕೊನೇವರೆಗೂ ಕೇಳುತ್ತೆ," ಎಂದು ಮೈಕಿನ ಅಂಗಡಿಯವನು ಒಂದನ್ನು ತೋರಿಸಿದ.

"ನಂಗೆ ಬೀದಿ ಬೇಡ ಹಾಜಿ, ಕೊನೇ ಬೆಂಚು ಸಾಕು," ಎಂದರು ಇನ್ಶಿರಾಹ್.

ಒಂದರಲ್ಲಿ ಮಾತು ಅರೆ ಕ್ಷಣ ತಡವಾಗಿ ಬಂತು, ಬೇಡವೆಂದರು. ಇನ್ನೊಂದರ ಚಾರ್ಜು ಮೂರು ಪಿರಿಯಡ್‌ಗೇ ಮುಗಿಯುತ್ತಿತ್ತು. ಕೊನೆಗೆ ಆರಿಸಿದ್ದು ತಲೆವಸ್ತ್ರದ ಮೇಲೆ ಧರಿಸುವ, ತಂತಿಯಿಲ್ಲದ ಮೈಕು. ಅದರ ತುದಿ ಬಾಯಿಯ ಪಕ್ಕಕ್ಕೆ, ಎರಡು ಬೆರಳು ದೂರ. ಸೀಮೆಸುಣ್ಣ ಹಿಡಿಯಲು ಕೈ ಖಾಲಿ. ಜೊತೆಗೆ ಮೇಜಿನ ಮೇಲೆ, ಮಕ್ಕಳತ್ತ ಮುಖ ಮಾಡಿ ಇಡುವ ಪುಟ್ಟ ಸ್ಪೀಕರು.

"ಇನ್ಮೇಲೆ ಕೂಗ್ಬೇಡ, ಮಾತಾಡು. ನೀರು ಕುಡಿ. ವೈದ್ಯರ ಹತ್ರ ಹೋಗೋದು ಬಿಡ್ಬೇಡ," ಎಂದಳು ತಹಾನಿ.

ಎರಡು ತಿಂಗಳ ಬಳಿಕ ಒಂದು ಸಂಜೆ, ಊಟದ ನಡುವೆ ಇನ್ಶಿರಾಹ್ ಹೇಳಿದರು: "ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಕಮ್ಮಿ ಹಾಕಿದೀರಿ. ಅಕ್ಕಿನೂ ಬೆಂದಿಲ್ಲ."

"ಉಳಿಸಿದ ದನೀನೆಲ್ಲ ನನ್ನ ಮೇಲೇ ಖರ್ಚು ಮಾಡ್ತೀಯಾ?" ಎಂದ ರಗಬ್. ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, "ಇನ್ನೂ ಬೈಯಿ," ಎಂದ.

ಪಾಠ ಹೇಳುವವರೇ, ಸಭೆ ನಡೆಸುವವರೇ, ಮೂರು ವಾರ ಕಳೆದರೂ ಗಂಟಲು ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ. ಮೈಕನ್ನು ನಿಮ್ಮ ಕೋಣೆಗೆ, ನಿಮ್ಮ ಉಡುಪಿಗೆ, ನಿಮ್ಮ ದಿನದ ಕೆಲಸಕ್ಕೆ ಹೊಂದುವಂತೆ ಪರೀಕ್ಷಿಸಿಯೇ ಕೊಳ್ಳಿ. ನಿಮ್ಮ ಮಾತಿಗೆ ಕಾಯುವವರು ಮನೆಯಲ್ಲೂ ಇದ್ದಾರೆ.